ಕೋಟೆಮನೆ ಬಳಗದಲ್ಲಿ ಹದ್ದಿನ ಸ್ವಯಂವರ

(ಚಿತ್ರದುರ್ಗದ ಒಂದು ಕುಟುಂಬದ ವಾಟ್ಸಾಪ್ ಗುಂಪು, ಭಾನುವಾರ ಬೆಳಗ್ಗೆ)

ದೊಡ್ಡಪ್ಪ: [ಫಾರ್ವರ್ಡ್] ಹೆಣ್ಣು ಹದ್ದು ಕಡ್ಡಿ ಹಿಡಿದು ಆಕಾಶಕ್ಕೇರಿ ಬೀಳಿಸುತ್ತದೆ. ನೆಲ ಮುಟ್ಟುವ ಮೊದಲೇ ಅದನ್ನು ಹಿಡಿದ ಗಂಡನ್ನೇ ವರಿಸುತ್ತದೆ. ಸಂಗಾತಿ ಸತ್ತರೆ ಇನ್ನೊಂದನ್ನು ಕಣ್ಣೆತ್ತಿಯೂ ನೋಡುವುದಿಲ್ಲ!! 🙏

ದೊಡ್ಡಪ್ಪ: ಪಕ್ಷಿಗಿರೋ ನಿಯತ್ತು ಈಗಿನ ಹುಡುಗ್ರಿಗಿಲ್ಲ. ಎಲ್ರೂ ಓದ್ರಿ.

ಸುಧಾ ಚಿಕ್ಕಮ್ಮ: ಎಷ್ಟು ಚೆನ್ನಾಗೈತೆ ಬಾವ 🙏🙏

ಗಿರೀಶ: ಎಲ್ಲಿಂದ ಬಂತು ದೊಡ್ಡಪ್ಪ ಇದು? ಯಾವ ಹದ್ದು ಅಂತಾನೂ ಇಲ್ಲ. ಹೋದ್ಸಲ, 40 ವರ್ಷಕ್ಕೆ ಹದ್ದು ಕೊಕ್ಕು ಕುಟ್ಟಿ ಕಿತ್ಕೊಂಡು ಹೊಸದು ಬೆಳೆಸ್ಕೊಳ್ಳುತ್ತೆ ಅಂತ ಕಳಿಸಿದ್ರಿ. ಕೊಕ್ಕಿಲ್ಲದಿದ್ರೆ ಅದು ಉಪವಾಸ ಬಿದ್ದು ಸಾಯುತ್ತೆ.

ದೊಡ್ಡಪ್ಪ: ನಿಮ್ಮಪ್ಪನೂ ಹಿಂಗೇ. ಪಾಲಿನ ಪತ್ರ ಮೂರು ಸಲ ಓದಿಸಿದ.

ಗಿರೀಶ: ಓದಿಸಿದ್ದಕ್ಕೇ ಬಾವಿ ನೀರು ಇಬ್ರಿಗೂ ಬಂತು.

ಮಂಜು: ಬಾವಿ ಅಂದ್ರೆ ನೆನಪಾತು! ಅಜ್ಜಿ ಅಲ್ಲೇ ಕೋಳಿಮರಿ ಬಿಡ್ತಿತ್ತಲ್ಲ. ಹದ್ದಿನ ನೆರಳು ಬಿತ್ತಂದ್ರೆ ತಾಯಿಕೋಳಿ ಬೇರೆ ಥರಾನೇ ಕೂಗೋದು, ಮರಿ ಎಲ್ಲಾ ಬುಟ್ಟಿ ಅಡಿಗೆ. ಅಜ್ಜಿ ಸೌಟು ಹಿಡ್ಕೊಂಡು ಓಡಿ ಬರೋದು 😂

ರೇಖಾ: ದೊಡ್ಡಪ್ಪ, ನೀವು ಕಳಿಸಿದ್ರಲ್ಲೇ ಹೆಣ್ಣು ಪರೀಕ್ಷೆ ಮಾಡುತ್ತೆ ಅಂತೈತೆ. ದಾವಣಗೆರೆ ಹುಡುಗನಿಗೆ ನಾನು ‘ಸಾಲ ಎಷ್ಟೈತೆ’ ಅಂತ ಕೇಳಿದ್ದಕ್ಕೆ ಬಾಯಿಬಡುಕಿ ಅಂದ್ರಲ್ಲ?

ಸುಧಾ ಚಿಕ್ಕಮ್ಮ: ರೇಖಾ, ಎಲ್ರೂ ಇರೋ ಗುಂಪಿದು.

ರೇಖಾ: ಅಂದಿದ್ದೂ ಎಲ್ರ ಮುಂದೇನೇ ಚಿಕ್ಕಮ್ಮ.

ಗಿರೀಶ: ನಿಜವಾಗಿ ನಡೆಯೋದು ಇದಕ್ಕಿಂತ ಚೆಂದ, ಕೇಳ್ರಿ. ಚಳಿಗಾಲಕ್ಕೆ ನಮ್ಮ ಬಯಲಿಗೆ ಬರೋ ಹದ್ದಿನ ಥರದ ಬೇಟೆಹಕ್ಕಿ ಹ್ಯಾರಿಯರ್‌ಗಳು ಗೂಡು ಕಟ್ಟೋದು ಮಧ್ಯ ಏಷ್ಯಾ ಕಡೆ. ಅಲ್ಲಿ ಗಂಡು ಬೇಟೆ ತಂದು ಮೇಲಿಂದ ಬಿಡುತ್ತೆ, ಹೆಣ್ಣು ಕೆಳಗಿಂದ ಮೈ ಹೊರಳಿಸಿ ಗಾಳಿಯಲ್ಲೇ ಕಾಲಲ್ಲಿ ಹಿಡಿಯುತ್ತೆ. ಅಮೆರಿಕದ ಬೋಳು ಹದ್ದಿನ ಜೋಡಿ ಎತ್ತರದಲ್ಲಿ ಕಾಲುಗುರು ಕೊಕ್ಕೆ ಹಾಕ್ಕೊಂಡು ಗಿರಗಿರ ತಿರುಗ್ತಾ ಇಳಿಯುತ್ತೆ. ಎದುರಾಳಿ ಹದ್ದುಗಳು ಜಗಳಕ್ಕೂ ಹಾಗೇ ಮಾಡ್ತವೆ, ಅದಕ್ಕೇ ವಿಡಿಯೋ ನೋಡಿ ಪ್ರೀತಿ ಅಂತ ತೀರ್ಮಾನಿಸೋಕಾಗಲ್ಲ. ಸಂತೆಹೊಂಡದ ಮೇಲೆ ಸುತ್ತೋ ನಮ್ಮ ಕರಿ ಹದ್ದುಗಳೂ ಉಗುರಿಗೆ ಉಗುರು ಸಿಕ್ಕಿಸ್ಕೊಳ್ಳೋ ಜಾತಿಯವೇ. ಬಹಳಷ್ಟು ಜೋಡಿ ವರ್ಷಾನುಗಟ್ಟಲೆ ಒಟ್ಟಿಗಿರ್ತವೆ, ನಿಜ. ಒಂದು ಸತ್ರೆ ಉಳಿದದ್ದು ಬೇರೆ ಜೊತೆ ಹುಡುಕ್ಕೊಳ್ಳುತ್ತೆ. ಅದರಲ್ಲಿ ತಪ್ಪೇನೈತೆ?

ದೊಡ್ಡಪ್ಪ: ಒಟ್ನಲ್ಲಿ ನಾನು ಸುಳ್ಳುಗಾರ.

ಗಿರೀಶ: ನೀವಲ್ಲ ದೊಡ್ಡಪ್ಪ, ಬರೆದೋನು.

ದೊಡ್ಡಪ್ಪ: ಗೃಹಪ್ರವೇಶಕ್ಕೆ ಬರದೋರು ಬುದ್ಧಿ ಹೇಳೋಕೆ ಮಾತ್ರ ಬರ್ತಾರೆ.

ಮಂಜು: ಆ ಬುಟ್ಟಿ ಈಗ ಯಾರ ಮನೇಲೈತೆ?

ದೊಡ್ಡಮ್ಮ: ಬುಟ್ಟಿ ನಮ್ಮಲ್ಲೈತೆ ಮಂಜು. ರೇಖಾ ಕೇಳಿದ್ದು ಸರಿಯಾಗೇ ಇತ್ತು. ಆ ಹುಡುಗ ಉತ್ರ ಕೊಡದೆ ಅವರಮ್ಮನ ಮುಖ ನೋಡ್ದ, ನಾನು ಕಾಫಿ ಲೋಟ ಹಿಡ್ಕೊಂಡು ಅಲ್ಲೇ ನಿಂತಿದ್ದೆ.