ದೊಡ್ಡಪ್ಪನ ಗೋದಾಮಿನಲ್ಲಿ ಸಿಕ್ಕ ಅನ್‌ಹೈಡ್ರೈಡ್ ಮಾರಬಹುದಾ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಮುಂಬೈನ ಮಸ್ಜಿದ್ ಬಂದರ್‌ನಲ್ಲಿ ನಮ್ಮ ದೊಡ್ಡಪ್ಪನ ಬಣ್ಣ, ಕೆಮಿಕಲ್ ಅಂಗಡಿ ಇತ್ತು. ಅವರು ತೀರಿಕೊಂಡರು, ಈಗ ಗೋದಾಮು ಖಾಲಿ ಮಾಡುತ್ತಿದ್ದೇವೆ. ಹಳೇ ಬಣ್ಣದ ಡಬ್ಬಗಳ ಹಿಂದೆ ಸೀಲ್ ಒಡೆಯದ ಎರಡು ಕ್ಯಾನ್ ಸಿಕ್ಕಿವೆ. ಲೇಬಲ್ ಅರ್ಧ ಹರಿದಿದೆ, ‘ಅಸಿಟಿಕ್ ಅನ್‌ಹೈಡ್ರೈಡ್’ ಅನ್ನೋದು ಮಾತ್ರ ಓದಲು ಬರುತ್ತದೆ. ಪರಿಚಯದ ದಲಾಲರೊಬ್ಬರು ‘ನಗದು ಕೊಡ್ತೀನಿ, ಬಿಲ್ ಬೇಡ’ ಅಂತಿದ್ದಾರೆ. ಕೊಡಬಹುದಾ?

ವಕೀಲರ ಉತ್ತರ: ಬೇಡವೇ ಬೇಡ. ಆ ದಲಾಲರಿಗೆ ಇವತ್ತೇ ಇಲ್ಲ ಅಂದುಬಿಡಿ. ಔಷಧಿ, ಡೈ ಕಾರ್ಖಾನೆಗಳಿಗೆ ಬೇಕಾದ ಮಾಲೇ ಇದು. ಆದರೆ ಹೆರಾಯಿನ್ ತಯಾರಿಗೂ ಹೋಗುತ್ತದೆ. ಹಾಗಾಗಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲಿ ಇದು ನಿಯಂತ್ರಿತ ವಸ್ತು. ಆ ಕಾಯ್ದೆಯಡಿ ಬಂದ 2013ರ ಆದೇಶದ ‘ಎ’ ಪಟ್ಟಿಯಲ್ಲಿ ಎಫೆಡ್ರಿನ್ ಜೊತೆ ಇದೂ ಇದೆ. ಇದನ್ನು ಮಾರಲು, ಕೊಳ್ಳಲು ಮಾತ್ರವಲ್ಲ, ಸುಮ್ನೆ ಇಟ್ಟುಕೊಳ್ಳಲೂ ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಬ್ಯೂರೋ) ವಲಯ ನಿರ್ದೇಶಕರಿಂದ ನೋಂದಣಿ ಸಂಖ್ಯೆ ಬೇಕು. ಆದೇಶ ಮುರಿದರೆ ಸೆಕ್ಷನ್ 25ಎ: 10 ವರ್ಷದವರೆಗೆ ಕಠಿಣ ಸಜೆ, ಜೊತೆಗೆ ದಂಡ. ಸೆಕ್ಷನ್ 54 ಇನ್ನೂ ಬಿಗಿ. ಮಾಲು ನಿಮ್ಮ ಹತ್ತಿರ ಹೇಗೆ ಬಂತು ಅಂತ ಒಪ್ಪುವಂಥ ಲೆಕ್ಕ ನೀವೇ ಕೊಡಬೇಕಾಗುತ್ತದೆ.

ಹಾಗಾಗಿ ಮೊದಲು ದೊಡ್ಡಪ್ಪನವರ ಫೈಲ್ ಹುಡುಕಿ: ನೋಂದಣಿ ಪತ್ರ, ಸ್ಟಾಕ್ ರಿಜಿಸ್ಟರ್, ಮೂರು ತಿಂಗಳಿಗೊಮ್ಮೆ ಕಳಿಸಿದ ರಿಟರ್ನ್. ಸಿಗಲಿ, ಸಿಗದಿರಲಿ, ಒಬ್ಬ ಕ್ರಿಮಿನಲ್ ವಕೀಲರ ಮೂಲಕ ಎನ್‌ಸಿಬಿ ಮುಂಬೈ ಕಚೇರಿಗೆ ನೀವಾಗಿಯೇ ಬರೆದು ತಿಳಿಸಿ. ಮರಣ ಪ್ರಮಾಣಪತ್ರದ ಪ್ರತಿ, ಕ್ಯಾನ್‌ಗಳ ಫೋಟೋ ಲಗತ್ತಿಸಿ. ಉತ್ತರ ಬರುವವರೆಗೆ ಕ್ಯಾನ್ ಅಲ್ಲೇ ಇರಲಿ. ಟೆಂಪೋಗೆ ಹಾಕಿ ಮನೆಗೆ ತರಬೇಡಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲಾ ಯಾಕೆ ಸಾರ್? ವಿನೆಗರ್ ವಾಸನೆಯ ಆಸಿಡ್ ತಾನೇ? ಮೋರಿಗೆ ಸುರಿದರಾಯ್ತು.

ವಕೀಲರು: ವಿನೆಗರ್‌ನಲ್ಲಿರೋದು ಅಸಿಟಿಕ್ ಆಸಿಡ್, ಅದು ಈ ಪಟ್ಟಿಯಲ್ಲಿಲ್ಲ. ಅನ್‌ಹೈಡ್ರೈಡ್ ಬೇರೆ. ನೀರು ತಾಗಿದರೆ ಬಿಸಿಯೇರುತ್ತದೆ, ಅದರ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಮೇಲಾಗಿ ಸುರಿದದ್ದು ಸಾಕ್ಷ್ಯ ನಾಶ ಅನ್ನಿಸಿಕೊಂಡರೆ ಇನ್ನೊಂದು ತಲೆನೋವು.

ಪ್ರಶ್ನೆ ಕೇಳಿದವರು: ಜಿಎಸ್‌ಟಿ ಬಿಲ್ ಹಾಕಿ, ನೋಂದಣಿ ಇರುವ ಕಾರ್ಖಾನೆಗೇ ಕೊಟ್ಟರೆ?

ವಕೀಲರು: ಕೊಳ್ಳುವವರಿಗೆ ಇದ್ದರೆ ಸಾಲದು, ಮಾರುವ ನಿಮಗೂ ನೋಂದಣಿ ಬೇಕಲ್ವಾ? ಮಾಲಿನ ಜೊತೆ ಕನ್ಸೈನ್‌ಮೆಂಟ್ ನೋಟ್ (ಸಾಗಣೆ ಚೀಟಿ) ಕೂಡ ಹೋಗಬೇಕು. ಜಿಎಸ್‌ಟಿ ಬಿಲ್ ತೆರಿಗೆಯ ಲೆಕ್ಕಕ್ಕಷ್ಟೇ. ದಲಾಲರು ವಾಟ್ಸಾಪ್‌ನಲ್ಲಿ ಏನಾದರೂ ಬರೆದಿದ್ದರೆ ಅಳಿಸಬೇಡಿ, ನಿಮ್ಮ ವಕೀಲರಿಗೆ ತೋರಿಸಿ.