ಇಂಟೇಕ್, ಎಕ್ಸಾಸ್ಟ್, ಪಿಕಪ್: ಡ್ರೈವರ್‌ಗಳಿಗೆ ತಿಳಿಯೂ ಕನ್ನಡ ಪದ ಯಾವ್ದು?

ನಮಸ್ಕಾರ್ರಿ ಎಲ್ಲಾರಿಗೂ. ಗೋವಾದ ಫೋಂಡಾದಾಗ ನಮ್ಮ ಅಣ್ಣಂದು ಗ್ಯಾರೇಜ್ ಐತಿ, ಬರೋ ಗಿರಾಕಿ ಜಾಸ್ತಿ ನಮ್ಮ ಕಡಿಯವರ, ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಕಾಯಿಪಲ್ಲೆ ಹಾಲು ತರೋ ಪಿಕಪ್ ಡ್ರೈವರ್‌ಗಳು. ಈಗ ಅವರೊಳಗ ಒಂದು ಹುಚ್ಚು ಎದ್ದೈತಿ, ಇಂಟೇಕ್ (ಇಂಜಿನ್‌ಗೆ ಗಾಳಿ ಹೋಗೂ ಕೊಳವಿ) ಬದಲಿ ಮಾಡ್ಸೂದು, ಸೈಲೆನ್ಸರ್ ಫ್ರೀ ಫ್ಲೋ (ತಡೆ ಕಡಿಮಿ ಇರೂದು) ಮಾಡ್ಸೂದು, ಯೂಟ್ಯೂಬ್‌ನ್ಯಾಗ ನೋಡಿ ಬರ್ತಾರ. ಯಾವ್ದರಿಂದ ಲಾಭ ಯಾವ್ದರಿಂದ ಲುಕ್ಸಾನ ಅಂತ ಕನ್ನಡದಾಗ ಒಂದು ಹಾಳಿ ಬರದ್ ಕೊಡು, ಗೋಡಿಗೆ ಹಚ್ಚೂಣು ಅಂದ ಅಣ್ಣ. ಬರೀಲಿಕ್ಕೆ ಕುಂತ್ರ ಮೊದಲನೇ ಸಾಲಿಗೇ ತಡವರಿಸಿತು, ಅದಕ್ಕ ನಿಮ್ಮನ್ನ ಕೇಳಾಕತ್ತೀನಿ.

ಮೊದಲು ಪಿಕಪ್. ಗಾಡಿ ಹೆಸರೂ ಪಿಕಪ್, ಗಾಡಿ ಲಗೂನ ವೇಗ ಹಿಡಿಯೂದಕ್ಕೂ ಪಿಕಪ್. "ಪಿಕಪ್ಪಿಗೆ ಪಿಕಪ್ ಇಲ್ರಿ" ಅಂತಾರ, ಇಬ್ಬರಿಗೂ ತಿಳೀತೈತಿ, ಹಾಳಿ ಮ್ಯಾಲೆ ಬರದ್ರ ನಗಿ ಬರ್ತೈತಿ. ಪುಸ್ತಕದ ವೇಗೋತ್ಕರ್ಷ ಡ್ರೈವರ್ ಮುಂದ ನಡ್ಯೂದಿಲ್ಲ. ಎಳೆತ ಅನ್ನೋಣು ಅಂದ್ರ ಅದು ಟಾರ್ಕ್ (ಇಂಜಿನ್ ತಿರುಗಸೂ ಬಲ) ಕಡೆ ಹೋಗ್ತೈತಿ, ಲೋಡ್ ಹಾಕಿ ಘಾಟ್ ಹತ್ತುವಾಗ "ಎಳಿಯೂದಿಲ್ಲ" ಅಂತಾರಲ್ಲ ಅದು. ಟೊಯೋಟಾ ಹೈಲಕ್ಸ್ ಪಿಕಪ್ ಆಟೋಮ್ಯಾಟಿಕ್‌ಗೆ 500 ನ್ಯೂಟನ್ ಮೀಟರ್ ಟಾರ್ಕ್, ಅದನ್ನ "ಎಳೆತ 500" ಅಂತ ಬರದ್ರ ಒಪ್ತೀರೇನು? ನನಗಂತೂ ಒಪ್ಪಿಗೆ, ಎಳೆತ ಟಾರ್ಕ್‌ಗೇ ಇರ್ಲಿ, ಪಿಕಪ್ ಪಿಕಪ್ ಆಗೇ ಇರ್ಲಿ.

ಇಂಟೇಕ್‌ಗೆ ಒಳಹರಿವು ಅಂತ ಒಬ್ಬರು ಸೂಚಿಸಿದ್ರು, ಅದನ್ನ ಓದಿದ್ರ ಆಲಮಟ್ಟಿ ಡ್ಯಾಮ್‌ಗೆ ಇವತ್ತ ಎಷ್ಟು ಕ್ಯೂಸೆಕ್ ಅಂತ ನೆನಪಾಗ್ತೈತಿ, ಬ್ಯಾಡ. ಹೀರುಗೊಳವಿ ಅನ್ನೂದು ನನಗ ಹಿಡಿಸ್ತು, ಆದ್ರ ಒಂದು ತೊಡಕೈತಿ. ಈಗಿನ ಪಿಕಪ್ ಜಾಸ್ತಿ ಟರ್ಬೋ ಡೀಸೆಲ್, ಏರ್ ಫಿಲ್ಟರ್‌ನಿಂದ ಟರ್ಬೋ ತನಕ ಗಾಳಿ ಹೀರಿಕೊಂಡು ಬರ್ತೈತಿ ಖರೆ, ಅಲ್ಲಿಂದ ಮುಂದ ಟರ್ಬೋ ಒತ್ತಿ ತುಂಬ್ತೈತಿ, ಒತ್ತಿದ ಗಾಳಿ ಕಾಯ್ತೈತಿ, ಅದಕ್ಕ ನಡುವ ಇಂಟರ್‌ಕೂಲರ್ ಇಟ್ಟು ಆರಿಸಿ ಇಂಜಿನ್‌ಗೆ ಕಳಿಸ್ತಾರ. ಟರ್ಬೋ ತನಕ ಹೀರುಗೊಳವಿ, ಆಮ್ಯಾಲಿಂದು ತುಂಬುಗೊಳವಿ ಅಂತ ಎರಡು ಪದ ಮಾಡಿದ್ರ ರಿಪೇರಿಗೂ ಅನುಕೂಲ ಆಗ್ತೈತಿ, ಯಾಕಂದ್ರ ತುಂಬುಗೊಳವಿ ಸೀಳಿದ್ರ ಗಾಳಿ ಹೊರಗ ಸೋರ್ತೈತಿ, ಕರೀ ಹೊಗಿ ಬರ್ತೈತಿ, ಎಳೆತ ಬೀಳ್ತೈತಿ. ಹೀರುಗೊಳವಿ ಸೀಳಿದ್ರ ಅದು ಬ್ಯಾರೆ ಕೇಡು, ಫಿಲ್ಟರ್ ತಪ್ಪಿಸಿ ಧೂಳು ಒಳಗ ಹೋಗಿ ಟರ್ಬೋ ರೆಕ್ಕಿ ತಿಂತೈತಿ.

ಇನ್ನ ಕೋಲ್ಡ್ ಏರ್ ಇಂಟೇಕ್. ಇದನ್ನ "ತಣ್ಣನ ಗಾಳಿ ಕಿಟ್" ಅಂತ ಮಾರ್ತಾರ, ಒಬ್ಬ ಡ್ರೈವರ್ ಅಂತೂ ಏಸಿ ಗ್ಯಾಸ್ ತುಂಬಿರ್ತಾರೇನ್ರಿ ಅಂತ ಕೇಳಿದ. ಅದು ಗಾಳಿ ತಣ್ಣಗ ಮಾಡೂದೇ ಇಲ್ಲ, ಬಾನೆಟ್ ಒಳಗಿನ ಬಿಸಿ ಗಾಳಿ ಬಿಟ್ಟು ಹೊರಗಿನ ಗಾಳಿ ತೊಗೊತೈತಿ, ಅಷ್ಟ. 10 ಡಿಗ್ರಿ ಬಿಸಿ ಏರಿದ್ರ ಗಾಳಿ ಸುಮಾರು 3 ಪರ್ಸೆಂಟ್ ತೆಳ್ಳಗಾಗ್ತೈತಿ, ಲಾಭ ಇರೂದು ಅಲ್ಲೇ. ಆದ್ರ ಕಂಪನಿ ಕೊಟ್ಟ ಡಬ್ಬಿನೂ ಸಾಮಾನ್ಯ ಹೊರಗಿಂದ್ಲೇ ಎಳಿಯೂದು, ಅದನ್ನ ತಗದು ಬಾನೆಟ್ ಒಳಗ ತೆರೆದ ಕೋನ್ ಫಿಲ್ಟರ್ ಕೂಡ್ಸಿದ್ರ ಉಲ್ಟಾ ಬಿಸಿ ಗಾಳಿನೇ ಹೊಟ್ಟಿಗೆ ಹೋಗ್ತೈತಿ, ಸಪ್ಪಳ ಮಾತ್ರ ಜೋರು. ಅದಕ್ಕ "ಹೊರಗಾಳಿ ಕೊಳವಿ" ಅಂದ್ರ ಸುಳ್ಳು ಆಸೆ ಹುಟ್ಟೂದಿಲ್ಲ ಅಂತ ನನ್ನ ವಾದ. ಸ್ನಾರ್ಕಲ್‌ಗೆ, ಅಂದ್ರ ಗಾಡಿ ಬದಿಗೆ ಮ್ಯಾಲಕ್ಕ ಏರಿಸಿದ ಗಾಳಿ ಕೊಳವಿಗೆ, ಡ್ರೈವರ್‌ಗಳೇ ಸೊಂಡಿಲು ಅಂದುಬಿಟ್ಟಾರ, ಅದಕ್ಕ ಪದ ಹುಡುಕೂ ಕೆಲಸ ತಪ್ಪಿತು. ಗೋವಾದ ಕೆಂಪು ಧೂಳಿನ್ಯಾಗ ಮ್ಯಾಲಿಂದ ಗಾಳಿ ತೊಗೊಳ್ಳೂದು ಒಳ್ಳೇದ.

ಖರೆ ಜಗಳ ಎಕ್ಸಾಸ್ಟ್‌ದು. ನಿಷ್ಕಾಸ ಅಂದ್ರ ಯಾರಿಗೂ ತಿಳ್ಯೂದಿಲ್ಲ. ಹೊಗಿಕೊಳವಿ ತಿಳೀತೈತಿ, ಆದ್ರ ಆ ಪದನೇ ದಾರಿ ತಪ್ಪಿಸ್ತೈತಿ, ಹೊಗಿ ಹೋಗಾಕಂತನ ಇರೋ ಪೈಪ್ ಅಂದಮ್ಯಾಲ ಹೊಗಿ ಜಾಸ್ತಿ ಬಂದ್ರ ಪವರ್ ಜಾಸ್ತಿ ಅಂತ ತಿಳಕೊಂಡಾರ. ಕರೀ ಹೊಗಿ ಅಂದ್ರ ಗಾಳಿ ಸಾಲದ ಡೀಸೆಲ್ ಪೂರ್ತಿ ಸುಡಲಿಲ್ಲ ಅಂತ, ರೊಕ್ಕ ಸೈಲೆನ್ಸರ್‌ನಿಂದ ಹೊರಗ ಹೊಂಟೈತಿ ಅಂತ. ತ್ಯಾಜ್ಯ ಅನಿಲ ಅನ್ನೂದೂ ಸರಿ ಇಲ್ಲ, ಟರ್ಬೋ ಗಾಡಿಯಾಗ ಟರ್ಬೈನ್ ತಿರುಗಸೂದೇ ಅದು, ಇನ್ನೂ ದುಡಿಯೋದನ್ನ ತ್ಯಾಜ್ಯ ಅಂದ್ರ ಹೆಂಗ? "ಸುಟ್ಟಗಾಳಿ" ಹೆಂಗೈತಿ? ಸುಟ್ಟಗಾಳಿ ಕೊಳವಿ ದೊಡ್ಡದ ಮಾಡಿದ್ರ ಬ್ಯಾಕ್ ಪ್ರೆಷರ್ (ಹೊರಗ ಹೋಗೂ ಗಾಳಿಗೆ ಎದುರಾಗೂ ಒತ್ತಡ) ಇಳೀತೈತಿ, ಟರ್ಬೋ ಲಗೂನ ಏಳ್ತೈತಿ, ಸ್ವಲ್ಪ ಫಾಯದೆ ಐತಿ. ಬ್ಯಾಕ್ ಪ್ರೆಷರ್‌ಗೆ ಹಿನ್ನೂಕು ಅಂತ ಬರೀಬೇಕಂತೀನಿ, ಹಿಮ್ಮೊತ್ತಡ ಬಾಯಿಗೆ ಭಾರ. "ಇಂಜಿನ್‌ಗೆ ಹಿನ್ನೂಕು ಬೇಕಾ ಬೇಕು" ಅನ್ನೋ ಗ್ಯಾರೇಜ್ ಪುರಾಣ ಬ್ಯಾರೆ ಐತಿ, ಟರ್ಬೋ ಡೀಸೆಲ್‌ಗೆ ಅದು ಕಡಿಮಿ ಇದ್ದಷ್ಟೂ ಛಲೋ.

ಇನ್ನೊಂದು ದೊಡ್ಡ ಗೊಂದಲ ಫಿಲ್ಟರ್‌ದು. 2020ರ ಏಪ್ರಿಲ್‌ದಿಂದ ಬಿಎಸ್-6 ಅನ್ನೋ ಹೊಗಿ ನಿಯಮ ಬಂತು, ಡೀಸೆಲ್ ಗಾಡಿಗೆ ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ಬಂತು, ಸುಟ್ಟಗಾಳಿಯಾಗಿನ ಮಸಿ ಹಿಡಿದು, ಸುಮಾರು 600 ಡಿಗ್ರಿಯಾಗ ಅದನ್ನ ಸುಡ್ತೈತಿ. "ಫಿಲ್ಟರ್ ಚೋಕ್ ಆಗೇತಿ" ಅಂತ ಫೋನ್ ಬಂದ್ರ ಯಾವ್ದು ಅಂತ ತಿಳೀಬೇಕು? ಏರ್ ಫಿಲ್ಟರ್ ಆದ್ರ ಅಲ್ಲೇ ಬದಲಿ ಮಾಡಬಹುದು, ಡಿಪಿಎಫ್ ಆದ್ರ ಗಾಡಿ ಗ್ಯಾರೇಜ್‌ಗೆ ಬರ್ಬೇಕು. ನಾನು ಗಾಳಿ ಜಾಲರಿ, ಮಸಿ ಜಾಲರಿ ಅಂತ ಬರದೀನಿ. ಮಸಿ ಜಾಲರಿ ಕಿತ್ತು ಒಗೀರಿ ಅಂತ ಕೇಳೋರಿಗೆ ಅಣ್ಣ ಒಲ್ಲೆ ಅಂತಾನ, ಮೋಟಾರ್ ವಾಹನ ಕಾಯ್ದೆ 190(2)ರ ಪ್ರಕಾರ ಹೊಗಿ ಮತ್ತ ಸಪ್ಪಳಕ್ಕ 10,000 ರೂಪಾಯಿ ತನಕ ದಂಡ ಇಲ್ಲಾ ಜೈಲು, ಡ್ರೈವರ್ ತಿಂಗಳ ದುಡಿಮಿ ಒಂದೇ ಚೆಕ್‌ಪೋಸ್ಟ್‌ಗೆ ಹೋದೀತು.

ಸೈಲೆನ್ಸರ್ ಪದ ಮುಟ್ಟೂದಿಲ್ಲ. ಕಿವಿ ಹರಿಯೂ ಫ್ರೀ ಫ್ಲೋಕ್ಕೂ ಸೈಲೆನ್ಸರ್ ಅಂತಾರ, ಅನ್ಲಿ.

ಹಿಂಗಾಗಿ ಕೇಳೂದು: ಹೀರುಗೊಳವಿ-ತುಂಬುಗೊಳವಿ, ಸುಟ್ಟಗಾಳಿ, ಹಿನ್ನೂಕು, ಮಸಿ ಜಾಲರಿ, ಇವು ಹಾಸನ ಮಂಗಳೂರು ಕಡಿಯವರಿಗೂ ತಿಳೀತಾವೇನು? ಪುಣೆ ಭೋಸರಿ, ಚಾಕಣ ಕಡೆ ಫ್ಯಾಕ್ಟರಿಯಾಗ ಕೆಲಸ ಮಾಡೋ ಕನ್ನಡದವರು ತಮ್ಮ ತಮ್ಮೊಳಗ ಇವಕ್ಕೆಲ್ಲ ಏನಂತೀರಿ? ನಿಘಂಟಿನ ಪದ ನನ್ನ ಹತ್ರನೂ ಅದಾವು, ಬಾಯಾಗಿನ ಮಾತು ಕಳಸ್ರಿ.