ಗರಿ ಹುಟ್ಟಿದ್ದು ಹಾರುವುದಕ್ಕಾಗಿಯೇ?

ಪ್ರಶ್ನೆ: 1861ರಲ್ಲಿ ಜರ್ಮನಿಯ ಸೋಲ್ನ್‌ಹೋಫನ್ ಸುಣ್ಣಕಲ್ಲಿನಲ್ಲಿ ದೊರೆತ ಆರ್ಕಿಯಾಪ್ಟೆರಿಕ್ಸ್ ಎಂಬ ಪುರಾತನ ಹಕ್ಕಿಯ ಪಳೆಯುಳಿಕೆಯಲ್ಲಿ ಸರೀಸೃಪಗಳಿಗಿರುವಂಥ ಎಲುಬಿನ ಉದ್ದ ಬಾಲವೂ ಗರಿಗಳೂ ಒಟ್ಟಿಗೇ ಇದ್ದವೆಂದು ಓದಿದೆ. ಗರಿ ಹುಟ್ಟಿದ್ದು ಹಾರುವುದಕ್ಕಾಗಿಯೇ ಎಂದು ಇದರಿಂದ ತಿಳಿಯಬಹುದೇ?

ಉತ್ತರ 1: ಹಾಗೆ ತಿಳಿಯಲಾಗದು. 1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಿಂದ ವರದಿಯಾದ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್‌ನ ಮೈಮೇಲೆ ಎಳೆಎಳೆಯಾದ ಸರಳ ಗರಿಗಳಿದ್ದವು. ಅದರ ಗಿಡ್ಡ ಮುಂಗಾಲುಗಳಿಂದ ಹಾರುವುದು ಸಾಧ್ಯವೇ ಇರಲಿಲ್ಲವಾದ್ದರಿಂದ, ಗರಿಯು ಮೊದಲು ಮೈಯನ್ನು ಬೆಚ್ಚಗಿಡಲು ಅಥವಾ ಬಣ್ಣ ತೋರಿ ಸಂಗಾತಿಯನ್ನು ಸೆಳೆಯಲು ಬಳಕೆಯಾಗಿ, ಬಹುಕಾಲದ ನಂತರ ಹಾರಾಟಕ್ಕೆ ಒದಗಿತೆಂದು ಹೆಚ್ಚಿನ ವಿಜ್ಞಾನಿಗಳು ಭಾವಿಸುತ್ತಾರೆ. ಆ ಡೈನೋಸಾರ್‌ನ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವೆಂಬುದನ್ನು 2010ರಲ್ಲಿ ಗರಿಯೊಳಗಿನ ವರ್ಣಕಣಗಳಿಂದಲೇ ಕಂಡುಕೊಂಡದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ಹಾರಾಟ ಆರಂಭವಾದದ್ದು ಮರದಿಂದಲೋ, ನೆಲದಿಂದಲೋ?

ಉತ್ತರ 2: ಎರಡು ಪಕ್ಷಕ್ಕೂ ಆಧಾರಗಳಿವೆ. ಕಾಲುಗಳಲ್ಲಿಯೂ ಉದ್ದ ಗರಿಗಳಿದ್ದ, ನಾಲ್ಕು ರೆಕ್ಕೆಗಳಿದ್ದಂತೆ ತೋರುವ ಡೈನೋಸಾರ್ ಮೈಕ್ರೋರ‍್ಯಾಪ್ಟರ್ ಮರದಿಂದ ಮರಕ್ಕೆ ತೇಲಿ ಇಳಿಯುವುದನ್ನು ಸೂಚಿಸುತ್ತದೆ. ಆದರೆ ಚುಕಾರ್ ಕವುಜುಗದ ಮರಿಗಳು, ಇನ್ನೂ ಹಾರಲಾರದ ವಯಸ್ಸಿನಲ್ಲಿಯೇ, ರೆಕ್ಕೆ ಬಡಿಯುತ್ತ ಕಡಿದಾದ ಇಳಿಜಾರನ್ನು ಓಡಿ ಏರುತ್ತವೆಂದು ಜೀವವಿಜ್ಞಾನಿ ಕೆನೆತ್ ಡಯಲ್ 2003ರಲ್ಲಿ ತೋರಿಸಿದರು. ಅರೆಬರೆ ರೆಕ್ಕೆಯಿಂದ ಪ್ರಯೋಜನವೇನು ಎಂಬ ಹಳೆಯ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.